ಕಾಕಾನ ಡೊಂಕುಗೆರೆ

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಹಳೆಯ ಡೈರಿ ಒಂದಿದೆ. 1989ರದ್ದು. ಜೂನ್ ತಿಂಗಳ ಪುಟದಲ್ಲಿ ಅಂಕಿಗಳು ಸಾಲಾಗಿ ನಿಂತಿವೆ: ಒಂದು, ಒಂದು, ಒಂದೂವರೆ, ಒಂದು. ಹದಿನೇಳನೇ ತಾರೀಖಿನ ಎದುರು ಎರಡು ಎಂದು ಬರೆದು, ಕೆಳಗೆ ಪೆನ್ಸಿಲ್ಲಿನಿಂದ ಒಂದು ಡೊಂಕುಡೊಂಕು ಗೆರೆ ಎಳೆದಿದೆ. ಅಂದು ಬಂದದ್ದು ಎರಡು ಲೀಟರ್ ಎಂದು ಹಾಲಿನವನು, ಒಂದೂವರೆ ಎಂದು ಕಾಕು, ಅಂದರೆ ನನ್ನ ಚಿಕ್ಕಮ್ಮ. ಕಾಕಾ, ಅಪ್ಪನ ತಮ್ಮ, ಎರಡು ಲೀಟರಿನ ದುಡ್ಡೇ ಕೊಟ್ಟ, ಜಗಳ ಮಾಡಲಿಲ್ಲ. ಆದರೆ ಗೆರೆ ಎಳೆಯದೆ ಬಿಡಲಿಲ್ಲ.

ಆ ಗೆರೆಗೆ ಕಾಕು ಇಟ್ಟ ಹೆಸರು ಇಲ್ಲಿ ಬರೆಯಬಹುದೋ ಇಲ್ಲವೋ. ಎತ್ತು ನಡೆಯುತ್ತ ನಡೆಯುತ್ತ ಮಣ್ಣಿನ ದಾರಿಯಲ್ಲಿ ಬಿಟ್ಟುಹೋಗುತ್ತದಲ್ಲ, ಆ ಗೆರೆ. ಕಾಕು ಹಾಗೆ ಅಂದಾಗಲೆಲ್ಲ ಕಾಕಾನಿಗೆ ಎಲ್ಲಿಲ್ಲದ ಖುಷಿ. ಸಂಸ್ಕೃತದಲ್ಲೂ ಅದಕ್ಕೆ ಅದೇ ಹೆಸರು, ಗೋಮೂತ್ರಿಕಾ, ಅಕ್ಷರಗಳನ್ನು ಆಕೃತಿಯಾಗಿ ಜೋಡಿಸುವ ಚಿತ್ರಕಾವ್ಯದಲ್ಲಿ ಆ ಹೆಸರಿನ ಒಂದು ಬಂಧವೇ ಇದೆ ಎಂದು ಊಟದ ತಾಟಿನ ಮುಂದೆಯೇ ಪಾಠ ಸುರು ಮಾಡುತ್ತಿದ್ದ. “ಉಣ್ಣೂ ಮುಂದ ಬ್ಯಾಡ್ರಿ” ಎಂದು ಕಾಕು ಬಯ್ಯುವಳು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಪಾಠಕ್ಕೆ ಸಮಯವಿರುತ್ತಿರಲಿಲ್ಲ.

ನಾನು ಬಿ.ಕಾಂ. ಓದಲು ಚಿಕ್ಕೋಡಿ ಕಡೆಯಿಂದ ಪುಣೆಗೆ ಬಂದು ಕಾಕಾನ ಮನೆಯಲ್ಲಿ ಉಳಿದಿದ್ದು ನಾಲ್ಕು ವರ್ಷ. ಆಮೇಲೆ ಬ್ಯಾಂಕಿನ ನೌಕರಿ ಇಲ್ಲೇ ಸಿಕ್ಕಿತು, ಮದುವೆಯಾಗಿ ಕೊಥ್ರೂಡಿನಲ್ಲಿ ಮನೆ ಮಾಡಿದೆ. ಹಾಗಾಗಿ ಕಾಕಾನ ಬದುಕಿನ ಕೊನೆಯ ಮೂವತ್ತು ವರ್ಷ ನಾನು ಹತ್ತಿರದಿಂದ ಕಂಡದ್ದು. ಕಾಕಾ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಅರ್ಧಮಾಗಧಿ, ಜೈನ ಆಗಮಗಳ ಪ್ರಾಕೃತ. ಕಾಕಾ ಏನು ಮಾಡುತ್ತಾರೆ ಎಂದು ಬ್ಯಾಂಕಿನಲ್ಲಿ ಕೇಳಿದರೆ ಉತ್ತರ ಕೊಡುವುದೇ ಒಂದು ಪೇಚು. ಸಂಸ್ಕೃತ ಅಂದರೆ ಪೂಜೆ ಮಾಡಿಸುತ್ತಾರಾ ಎಂದು ಕೇಳುವರು. ಅರ್ಧಮಾಗಧಿ ಅಂದರೆ, ‘ಓ, ಸ್ಕೋರಿಂಗ್ ಸಬ್ಜೆಕ್ಟ್!’ ಮಹಾರಾಷ್ಟ್ರದ ಬೋರ್ಡ್ ಪರೀಕ್ಷೆಯಲ್ಲಿ ಆ ಭಾಷೆಯ ಕೀರ್ತಿ ಅದೊಂದೇ.

ಗೆರೆಯ ಮೂಲಕ್ಕೆ ಬರುತ್ತೇನೆ.

ಲಾ ಕಾಲೇಜ್ ರಸ್ತೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ 1917ರಲ್ಲಿ ಹುಟ್ಟಿತು. ಎರಡೇ ವರ್ಷಕ್ಕೆ ಮಹಾಭಾರತದ ಪರಿಷ್ಕೃತ ಆವೃತ್ತಿಯ ಕೆಲಸ ಕೈಗೆತ್ತಿಕೊಂಡಿತು. ಮುಗಿದದ್ದು 1966ರಲ್ಲಿ. ದೇಶದ ಮೂಲೆಮೂಲೆಯಿಂದ ತರಿಸಿ ಹೋಲಿಸಿ ನೋಡಿದ ಹಸ್ತಪ್ರತಿಗಳು 1,259. ಶಾರದಾ, ಮೈಥಿಲಿ, ಬಂಗಾಳಿ, ತೆಲುಗು, ಗ್ರಂಥ, ಮಲಯಾಳಂ, ಒಂದೊಂದು ಲಿಪಿಗೂ ಬೇರೆ ಓದುಗಾರರು. ಚೌಕುಳಿ ಹಾಕಿದ ದೊಡ್ಡ ಹಾಳೆ. ಮೇಲಿನ ಸಾಲಿನಲ್ಲಿ ಎಲ್ಲರಿಗೂ ಗೊತ್ತಿದ್ದ ಅಚ್ಚಿನ ಪಾಠ, ಅಂದರೆ ಶ್ಲೋಕದ ಮಾತುಗಳು ಅಚ್ಚಿನಲ್ಲಿದ್ದ ರೂಪ; ಒಂದು ಚೌಕಕ್ಕೆ ಒಂದು ಅಕ್ಷರ. ಕೆಳಗಿನ ಸಾಲುಗಳಲ್ಲಿ ಪ್ರತಿಗೊಂದು ಸಾಲು, ಎಲ್ಲಿ ಬೇರೆ ಅಕ್ಷರ ಬಂತೋ ಆ ಚೌಕದಲ್ಲಷ್ಟೇ ಬರೆಯುವುದು. ಬ್ಯಾಂಕಿನ ಲೆಡ್ಜರ್ ಹಿಡಿದ ನನಗೆ ಅದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

1925ರಿಂದ 1943ರಲ್ಲಿ ತೀರಿಕೊಳ್ಳುವವರೆಗೆ ಈ ಕೆಲಸದ ಯಜಮಾನಿಕೆ ವಿಷ್ಣು ಸೀತಾರಾಮ ಸುಕಥಣಕರ್ ಅವರದು. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಬರ್ಲಿನ್ನಿನಲ್ಲಿ ಭಾಷಾಶಾಸ್ತ್ರ ಮುಗಿಸಿ ಬಂದವರು. ಅವರ ಪದ್ಧತಿಯಲ್ಲಿ ಕಾಕಾನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಚಿಹ್ನೆ. ಪ್ರತಿಗಳನ್ನೆಲ್ಲ ತೂಗಿ ಇದೇ ಪಾಠ ಎಂದು ಅಚ್ಚು ಹಾಕಿದ ಮೇಲೂ, ಸಂಪಾದಕನಿಗೆ ಮನಸ್ಸಿನಲ್ಲಿ ಎಲ್ಲಿ ಅಳುಕು ಉಳಿದಿದೆಯೋ ಆ ಶಬ್ದದ ಕೆಳಗೆ ಒಂದು ಅಲೆಅಲೆಯಾದ ಗೆರೆ. ‘ಬೇರೆ ದಾರಿ ಕಾಣದೆ ಇದನ್ನು ಇಟ್ಟಿದ್ದೇನೆ, ಖಾತ್ರಿಯಿಲ್ಲ’ ಎಂಬ ಒಪ್ಪಿಗೆ. ಆ ಗೆರೆಯೇ ನಮ್ಮ ಹಾಲಿನ ಡೈರಿಗೆ ಇಳಿದು ಬಂದದ್ದು.

ಆ ಸಂಪುಟಗಳನ್ನು ಮೊದಲ ಸಲ ತೆರೆದಾಗ ಪುಟದ ಬುಡದಲ್ಲಿ ಇಂಗ್ಲಿಷಿನ ಕೆ ಅಕ್ಷರ ಎಲ್ಲೆಲ್ಲೂ ಕಂಡು ನನಗೆ ಹೆಮ್ಮೆಯಾಯಿತು. “ಕಾಕಾ, ಕನ್ನಡದ ಪ್ರತಿ ಇಷ್ಟು ಅದಾವೇನು?” ಎಂದೆ. ಕಾಕಾ ನಕ್ಕ ನಗೆ ಬಹಳ ಹೊತ್ತು ನಿಲ್ಲಲಿಲ್ಲ. ಅದು ಕಾಶ್ಮೀರದ ವಂಶಕ್ಕೆ ಸೇರಿದ ದೇವನಾಗರಿ ಪ್ರತಿಗಳ ಗುರುತು. ಆಮೇಲೆ ಎಷ್ಟೋ ವರ್ಷ, ಪುಣೆಯಲ್ಲಿ ಯಾವುದಾದರೂ ಅಂಗಡಿಯ ಬೋರ್ಡಿನ ಮೇಲೆ ಕೆ ಕಂಡರೆ “ನೋಡವಾ, ಕನ್ನಡ” ಎಂದು ನನ್ನನ್ನು ಕಾಡುತ್ತಿದ್ದ.

ಗಣಪತಿಯ ಕಥೆ ಇದಕ್ಕಿಂತ ಕಷ್ಟದ್ದು. ವ್ಯಾಸರು ಹೇಳಿದರು, ಗಣೇಶ ಬರೆದುಕೊಂಡ ಎಂಬ ಪ್ರಸಂಗ ಹಳೆಯ ಪ್ರತಿಗಳ ಸಾಕ್ಷ್ಯಕ್ಕೆ ನಿಲ್ಲಲಿಲ್ಲ. ಪರಿಷ್ಕೃತ ಆವೃತ್ತಿಯಲ್ಲಿ ಅದು ಮೂಲಪಾಠದಲ್ಲಿಲ್ಲ, ಆದಿಪರ್ವದ ಅನುಬಂಧದಲ್ಲಿದೆ. ಸಭಾಪರ್ವದಲ್ಲಿ ದ್ರೌಪದಿ ಕೃಷ್ಣನನ್ನು ಕೂಗುವ ಶ್ಲೋಕಗಳೂ ಹಾಗೆಯೇ. ಸೀರೆ ಬರುತ್ತಲೇ ಇರುತ್ತದೆ, ಯಾರು ಕೊಟ್ಟರು ಎಂದು ಮಾತ್ರ ಮೂಲ ಹೇಳುವುದಿಲ್ಲ. ಕಾಕಾ ಇದನ್ನು ನನಗೆ ಹೇಳಿದ್ದು ಬೇರೆಲ್ಲೂ ಅಲ್ಲ, ಗಣೇಶ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯ ಪಕ್ಕದ ಒಂದು ಗ್ಯಾಲರಿಯಲ್ಲಿ ನಿಂತು. ಕೆಳಗೆ ಢೋಲು-ತಾಶೆಗಳ ಸದ್ದಿಗೆ ಗೋಡೆ ನಡುಗುತ್ತಿತ್ತು. ಕಾಕು ಗಾಬರಿಯಾಗಿ ಸುತ್ತ ನೋಡಿ, “ಹೊರಗ ಹೇಳಬ್ಯಾಡ್ರಿ ಇದನ್ನ” ಎಂದಳು.

“ನಾ ಎಲ್ಲಿ ಹೇಳೇನಿ? ಪ್ರತಿಗಳು ಹೇಳ್ಯಾವ. ಮತ್ತ ಗಣಪತಿನ್ನ ಯಾರೂ ತಗದು ಒಗದಿಲ್ಲ. ಅನುಬಂಧದಾಗ ಮಣಿ ಹಾಕಿ ಕುಂದ್ರಿಸ್ಯಾರ.”

ಅನುಬಂಧದಾಗ ಮಣಿ ಹಾಕಿ ಕುಂದ್ರಿಸೂದು ಎನ್ನುವುದು ನಮ್ಮ ಮನೆಯ ಮಾತೇ ಆಗಿಹೋಯಿತು. ಲಗ್ನಕ್ಕೆ ಕರೆಯಲೇಬೇಕಾದ, ಆದರೆ ಮುಂದಿನ ಸಾಲಿನಲ್ಲಿ ಕೂಡಿಸಲಾಗದ ಬೀಗರಿಗೆ ನಾವು ಇಂದಿಗೂ ಅದನ್ನೇ ಬಳಸುತ್ತೇವೆ. ಅಂದು ಕಾಕಾ ಇನ್ನೊಂದು ಮಾತು ಸೇರಿಸಿದ. ನಮ್ಮ ಗದುಗಿನವನಿಗೆ ಈ ತಂಟೆಯೇ ಇಲ್ಲ; ವೀರನಾರಾಯಣನೇ ಕವಿ, ನಾನು ಬರೀ ಲಿಪಿಕಾರ ಎಂದು ಕುಮಾರವ್ಯಾಸ ಆ ಕೆಲಸ ತಾನೇ ತೆಗೆದುಕೊಂಡ. ಹಾಕಿದ ಪದವನ್ನು ಅಳಿಸಿಲ್ಲ ಎಂಬುದು ಆತನ ಅಗ್ಗಳಿಕೆ. “ಅಂಥವರಿಗೆ ಪೆನ್ಸಿಲ್ ಬೇಕಾಗಿಲ್ಲ” ಎಂದ ಕಾಕಾ, ಅಂಗಿಯ ಕಿಸೆಯಲ್ಲಿದ್ದ ತನ್ನ ಪೆನ್ಸಿಲ್ ಮುಟ್ಟಿ ನೋಡಿಕೊಂಡು.

ದೂಧಗಂಗಾ ನದಿಯ ದಂಡೆಯ ನಮ್ಮ ಊರಿನಲ್ಲಿ ಜೈನರೆಂದರೆ ಒಕ್ಕಲುತನ ಮಾಡುವವರು. ತಂಬಾಕು, ಜೋಳ, ಆಮೇಲೆ ಕಬ್ಬು. ಮನೆಮಾತು ಕನ್ನಡ, ಪೇಟೆಯ ಮಾತು ಮರಾಠಿ, ಬಸದಿಯಲ್ಲಿ ಕೇಳಿಬರುವುದು ಯಾರಿಗೂ ಪೂರ್ತಿ ತಿಳಿಯದ ಪ್ರಾಕೃತ. 1938ರಲ್ಲಿ ಹುಟ್ಟಿದ ಕಾಕಾ ಮೆಟ್ರಿಕ್ ಮುಗಿಸಿ ಕೊಲ್ಹಾಪುರದ ರಾಜಾರಾಮ ಕಾಲೇಜಿಗೆ ಹೋದ. ಅಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದವರು ಆ.ನೇ. ಉಪಾಧ್ಯೆ. ನಮ್ಮ ಪಕ್ಕದ ಸದಲಗಾದವರು, ಕುಂದಕುಂದರ ಪ್ರವಚನಸಾರ ಸಂಪಾದಿಸಿ ಜಗತ್ತಿನ ಪ್ರಾಕೃತ ವಿದ್ವಾಂಸರಿಗೆಲ್ಲ ಗೊತ್ತಾದವರು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಕಾಕಾ ಅವರ ಬಗ್ಗೆ ಮಾತಾಡುವಾಗ ಧ್ವನಿ ತಗ್ಗಿಸುತ್ತಿದ್ದ. ನಮ್ಮ ಹೊಲದ ಬದುವಿನಾಚೆಯ ಊರಿನ ಹುಡುಗ ಅಷ್ಟು ಎತ್ತರಕ್ಕೆ ಹೋಗಬಹುದು ಎಂಬುದೇ ಆ ಸೀಮೆಯ ಎಷ್ಟೋ ಹುಡುಗರಿಗೆ ಮೊದಲ ಪಾಠವಾಗಿತ್ತಂತೆ.

ಕಾಕಾ ಬಿ.ಎ. ಓದುತ್ತಿದ್ದಾಗಲೇ, 1959ರಲ್ಲಿ, ಉಪಾಧ್ಯೆಯವರು ಸಂಪಾದಿಸಿದ ಕುವಲಯಮಾಲಾ ಮೊದಲ ಭಾಗ ಹೊರಬಂತು. ಉದ್ಯೋತನಸೂರಿ ಎಂಬ ಜೈನ ಮುನಿ ರಾಜಸ್ಥಾನದ ಜಾಲೋರಿನಲ್ಲಿ ಕೂತು ಕ್ರಿ.ಶ. 779ರಲ್ಲಿ ಬರೆದು ಮುಗಿಸಿದ ದೊಡ್ಡ ಪ್ರಾಕೃತ ಕಥೆ. ಶಕ ವರ್ಷ 700 ತುಂಬಲು ಒಂದು ದಿನ ಕಡಿಮೆ ಇದ್ದಾಗ ಮುಗಿಯಿತು ಎಂದು ಆತನೇ ಬರೆದಿಟ್ಟಿದ್ದಾನೆ. ಆ ‘ಒಂದು ದಿನ ಕಡಿಮೆ’ ಕಾಕಾನಿಗೆ ಎಂಥ ಸಂತೋಷ ಕೊಡುತ್ತಿತ್ತೆಂದರೆ, ಮಾರ್ಚ್ ಕೊನೆಗೆ ನನ್ನ ಬ್ಯಾಂಕಿನ ಲೆಕ್ಕ ಮುಗಿಸುವ ಗಡಿಬಿಡಿಯಲ್ಲೂ ಬಂದು ಅದನ್ನು ನೆನಪಿಸುತ್ತಿದ್ದ.

ಆ ಕಥೆಯಲ್ಲೊಂದು ಪೇಟೆ ಬರುತ್ತದೆ. ರಾಜಕುಮಾರ ವಿಜಯಪುರಿಯ ಬಜಾರಿನಲ್ಲಿ ನಡೆಯುತ್ತಿದ್ದಾನೆ, ದೇಶದೇಶದ ವ್ಯಾಪಾರಿಗಳು ತಮ್ಮ ತಮ್ಮ ಮಾತಿನಲ್ಲಿ ಚೌಕಾಸಿ ಮಾಡುತ್ತಿದ್ದಾರೆ. ಒಬ್ಬೊಬ್ಬರ ಮೈಕಟ್ಟು, ಸ್ವಭಾವ, ಬಾಯಲ್ಲಿನ ಎರಡು ಮೂರು ಮಾತು. ಮರಾಠರು ಗಟ್ಟಿಮುಟ್ಟು, ಕಪ್ಪು ಮೈ, ಅಭಿಮಾನಿಗಳು, ಜಗಳಗಂಟರು. ಅವರು ‘ದಿಣ್ಣಲ್ಲೆ ಗಹಿಯಲ್ಲೆ’ ಅನ್ನುತ್ತಾರೆ. ಕೊಟ್ಟದ್ದು, ತಗೊಂಡದ್ದು. ಇವತ್ತಿಗೂ ಮಂಡಈ ಮಾರುಕಟ್ಟೆಗೆ ಹೋದರೆ ‘ದಿಲೆ, ಘೇತಲೆ’ ಕೇಳುತ್ತದಲ್ಲ, ಅದೇ. ಸಾವಿರದ ಇನ್ನೂರು ಚಿಲ್ಲರೆ ವರ್ಷದಲ್ಲಿ ಸವೆದದ್ದು ಇಷ್ಟೇ. ಕಾಕಾ ಕ್ಲಾಸಿನಲ್ಲಿ ಈ ಸಾಲು ಹೇಳಿದಾಗ ಪುಣೆಯ ಹುಡುಗರು ಬೆಂಚು ಬಡಿಯುತ್ತಿದ್ದರಂತೆ, ಅದರಲ್ಲೂ ಜಗಳಗಂಟರು ಎಂಬಲ್ಲಿ.

ಕನ್ನಡದ ವ್ಯಾಪಾರಿಯೂ ಆ ಪೇಟೆಯಲ್ಲಿದ್ದಾನೆ. ಆತ ಆಡುವುದು ‘ಅಡಿ’ ಎಂದು ಸುರುವಾಗಿ ‘ಮರೆ’ ಎಂದು ಮುಗಿಯುವ ಮೂರು ಮಾತು. ಅರ್ಥ? ಕನ್ನಡಿಗನೇ ಆದ ಕಾಕಾ ಅರವತ್ತು ವರ್ಷ ಆ ಮೂರು ಮಾತನ್ನು ಬಾಯಲ್ಲಿಟ್ಟುಕೊಂಡು ಚೀಪಿದ. ಬರೆದವನು ಉತ್ತರದವನು, ಕನ್ನಡ ಕಿವಿಗೆ ಬಿದ್ದಷ್ಟು ಬರೆದುಕೊಂಡ. ನಕಲು ಮಾಡಿದವರಿಗೆ ಅದೂ ತಿಳಿಯಲಿಲ್ಲ. ಕಾಕಾನ ಬಳಿ ಒಂದು ಊಹೆ ಇತ್ತು. ವೈಶಾಲಿ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಕರಾವಳಿಯ ಹುಡುಗನೊಬ್ಬ ಗೆಳೆಯನಿಗೆ ‘ಮಾರಾಯಾ’ ಎಂದದ್ದು ಕೇಳಿ ಹೊಳೆದದ್ದಂತೆ. ನನಗೆ ಕೇಳಿದರೆ ಅದೊಂದು ಚಂದದ ಲೇಖನವಾಗುತ್ತಿತ್ತು. “ಬರಿಯಲ್ಲ ಕಾಕಾ” ಎಂದು ಎಷ್ಟು ಸಲ ಹೇಳಿದೆನೋ. “ಹೊಳದದ್ದೆಲ್ಲಾ ಬರ್ಯಾಕ ಅದೇನು ಕವಿತಾ ಏನವಾ?” ಎನ್ನುತ್ತಿದ್ದ.

ಪಾನಶೆತ್ ಒಡೆದ ವರ್ಷ ಕಾಕಾ ಪುಣೆಗೆ ಬಂದ. ಹಳೆಯ ಪುಣೇಕರರಿಗೆ ಬೇರೆ ಇಸವಿ ಹೇಳಬೇಕಿಲ್ಲ. 1961ರ ಜುಲೈ 12ರಂದು ಅಣೆಕಟ್ಟು ಒಡೆದು ಮುಠಾ ನದಿ ಪೇಠಗಳೊಳಗೆ ನುಗ್ಗಿತು. ಒಂದು ತಿಂಗಳು ಕಳೆದು ನಾರಾಯಣ ಪೇಠದ ವಾಡೆಯೊಂದರಲ್ಲಿ ಕಾಕಾನಿಗೆ ಖೋಲಿ ಸಿಕ್ಕಿತು, ಅಗ್ಗದಲ್ಲಿ, ಯಾಕೆಂದರೆ ಗೋಡೆಯ ಮೇಲೆ ಆಳೆತ್ತರಕ್ಕೆ ನೀರಿನ ಕಲೆ. ಎಂ.ಎ. ಮುಗಿದ ಮೇಲೆ ಯೆರವಡಾದ ಡೆಕ್ಕನ್ ಕಾಲೇಜಿನಲ್ಲಿ ಚೀಟಿ ಬರೆಯುವ ಕೆಲಸ. ಬಂಡ್ ಗಾರ್ಡನ್ ಸೇತುವೆ ದಾಟಿ ದಿನಾ ಸೈಕಲ್ಲು.

ಚೀಟಿ ಎಂದರೆ ಅಂತಿಂಥ ಚೀಟಿಯಲ್ಲ. ಸಂಸ್ಕೃತದ ಪ್ರತಿಯೊಂದು ಶಬ್ದ ಮೊದಲು ಎಲ್ಲಿ ಬಂತು, ಯಾವ ಅರ್ಥದಲ್ಲಿ, ಆಮೇಲೆ ಅರ್ಥ ಹೇಗೆ ಹೊರಳಿತು ಎಂಬುದನ್ನೆಲ್ಲ ಕಾಲಕ್ರಮದಲ್ಲಿ ತೋರಿಸುವ ನಿಘಂಟಿನ ಯೋಜನೆ. 1948ರಲ್ಲಿ ಎಸ್. ಎಂ. ಕತ್ರೆ ಸುರು ಮಾಡಿದ್ದು. ಋಗ್ವೇದದಿಂದ ಹಿಡಿದು ಸುಮಾರು 1,500 ಗ್ರಂಥಗಳನ್ನು ಓದಿ, ಶಬ್ದ ಹೆಕ್ಕಿ, ಒಂದೊಂದಕ್ಕೂ ಒಂದು ಚೀಟಿ ಬರೆದು, ಕಬ್ಬಿಣದ ಖಾನೆಗಳಲ್ಲಿ ಜೋಡಿಸಿದರು. ಹೆಕ್ಕುವ ಕೆಲಸಕ್ಕೇ ಇಪ್ಪತ್ತೈದು ವರ್ಷ ಹಿಡಿಯಿತು. ಚೀಟಿಗಳ ಸಂಖ್ಯೆ 1 ಕೋಟಿಯ ಹತ್ತಿರ. ಅಚ್ಚಾಗಿ ಮೊದಲ ಭಾಗ ಬಂದದ್ದು 1976ರಲ್ಲಿ. ಈವರೆಗೆ ಮೂವತ್ತಕ್ಕೂ ಹೆಚ್ಚು ಸಂಪುಟಗಳು ಬಂದಿವೆ, ಎಲ್ಲವೂ ಅಕಾರದವು. ಇನ್ನೂ ಅ ಮುಗಿದಿಲ್ಲ.

ಇದನ್ನು ಹೇಳಿದಾಗ ಯಾರಾದರೂ ನಗುತ್ತಾರೆ. ನಾನೂ ನಕ್ಕಿದ್ದೆ. ಕಾಕಾ ಮೂರು ವರ್ಷದಲ್ಲಿ ಬರೆದ ಚೀಟಿಗಳಲ್ಲಿ ಪ ಸ ಹ ಎಲ್ಲ ಇದ್ದವು. ಅವು ಅಚ್ಚಿನ ಸರದಿಗೆ ಕಾಯುತ್ತ ಖಾನೆಯಲ್ಲೇ ಇವೆ. ಬರೆದವನು 2017ರಲ್ಲಿ ಹೋದ. ಒಂದು ಸಲ ನನ್ನನ್ನು ಕರೆದುಕೊಂಡು ಹೋಗಿ ಒಂದು ಖಾನೆ ಎಳೆದು ತೋರಿಸಿದ್ದ. ಹಳದಿಯಾದ ಚೀಟಿಯಲ್ಲಿ ಇಪ್ಪತ್ತೈದರ ಹರೆಯದ ಕಾಕಾನ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಆ ಹೊತ್ತಿನಲ್ಲಿ ನಿಧಾನ ಎಂಬುದು ನನಗೆ ತಮಾಷೆಯ ವಿಷಯವಾಗಿ ಕಾಣಲಿಲ್ಲ. ಆದರೆ ಹೊರಗೆ ಬಂದು ಯೆರವಡಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮತ್ತೆ ನಗು ಬಂತು. ಎರಡೂ ನಿಜವೇ.

1966ರಲ್ಲಿ ಕಾಲೇಜಿನ ನೌಕರಿ, 1998ರಲ್ಲಿ ನಿವೃತ್ತಿ. ಈ ಮೂವತ್ತೆರಡು ವರ್ಷದ ಬಗ್ಗೆ ಬಹಳ ಬರೆಯುವಂಥದ್ದು ಇಲ್ಲ. ಸುರುವಿನಲ್ಲಿ ಕ್ಲಾಸು ತುಂಬಿರುತ್ತಿತ್ತು. ಗುಜರಾತಿ, ಮಾರವಾಡಿ ಜೈನ ವ್ಯಾಪಾರಿಗಳ ಮಕ್ಕಳು, ಅಂಕಕ್ಕಾಗಿ ಬಂದ ಮರಾಠಿ ಹುಡುಗರು. ಎಪ್ಪತ್ತರ ದಶಕದಲ್ಲಿ ಹತ್ತು-ಎರಡು-ಮೂರು ಪದ್ಧತಿ ಬಂದು ಜೂನಿಯರ್ ಕಾಲೇಜು ಬೇರೆಯಾಯಿತು. ಮೇಲಿನ ಕ್ಲಾಸಿಗೆ ಬರುವವರು ಹನ್ನೆರಡು, ಏಳು, ನಾಲ್ಕು. ಕೊನೆಯ ವರ್ಷ ಇಬ್ಬರು, ಅದರಲ್ಲೊಬ್ಬಳು ಸಾಧ್ವಿ. ಆಕೆ ಮಳೆಗಾಲದ ನಾಲ್ಕು ತಿಂಗಳು ಊರು ಬಿಟ್ಟು ಹೋಗುವಂತಿಲ್ಲವಾದ್ದರಿಂದ ಹಾಜರಿ ಪೂರ್ತಿ ಇತ್ತು. ಕಾಕಾನ ನಂತರ ಆ ಹುದ್ದೆಯನ್ನು ತುಂಬಲಿಲ್ಲ. ಜೂನಿಯರ್ ಕಾಲೇಜಿನಲ್ಲಿ ಎರಡನೇ ಭಾಷೆಯ ಬದಲು ಐಟಿ ವಿಷಯ ತೆಗೆದುಕೊಳ್ಳಬಹುದು ಎಂದಾದ ಮೇಲೆ ಉಳಿದದ್ದೂ ಕರಗಿತು.

ನಿಜವಾದ ಪಾಠ ನಡೆಯುತ್ತಿದ್ದದ್ದು ಅಡಿಗೆಮನೆಯಲ್ಲಿ. ಕಾಕಾ ಕಾಯಿಪಲ್ಲೆ ಹೆಚ್ಚುತ್ತ ಕೂತು ನಮ್ಮ ಬಾಯಿಂದ ಬಿದ್ದ ಶಬ್ದ ಹಿಡಿಯುತ್ತಿದ್ದ. ಸಂಜೆ ಅಂದೆಯಾ? ಸಂಧ್ಯಾ ಎಂಬುದು ಪ್ರಾಕೃತದಲ್ಲಿ ಸಂಝಾ ಆಗಿ, ನಮ್ಮ ಮನೆಗೆ ಸಂಜೆಯಾಗಿ ಬಂತು. ಅಚ್ಚರಿ, ಬಣ್ಣ, ಕಜ್ಜ, ದಿಟ್ಟಿ, ಸಿರಿ, ಬಸದಿ, ಎಲ್ಲ ಅದೇ ದಾರಿಯಲ್ಲಿ ನಡೆದು ಬಂದವು. ಆರ್ಯ ಎಂಬುದು ಅಜ್ಜ ಆಯಿತು. “ನಿಮ್ಮ ಅಜ್ಜನ್ನ ಆರ್ಯಾ ಅಂತ ಕರದಿದ್ರ ಕುಡಗೋಲ ತಗೊಂಡು ಬರತಿದ್ದ” ಎಂದು ನಗುವನು. ಸಂಸ್ಕೃತದಿಂದ ಕನ್ನಡಕ್ಕೆ ನೇರ ಬಂದವರು ಬೂಟು ಹಾಕಿಕೊಂಡೇ ಪಡಸಾಲೆಯಲ್ಲಿ ಕೂತಿದ್ದಾರೆ, ಪ್ರಾಕೃತದ ಕೂಡ ಬಂದವರು ಕಾಲು ತೊಳೆದು ಒಳಗೆ ಬಂದಿದ್ದಾರೆ ಎನ್ನುವುದು ಆತನ ಲೆಕ್ಕ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿದಾಗ ಪೇಢೆ ತಂದ. ಜೊತೆಗೆ, ಅಕ್ಕನಿಗೆ ಸೀರೆ ತಂದು ಅವ್ವನನ್ನು ಮರೆತರು ಎಂದ. ಪ್ರಾಕೃತಕ್ಕೆ ಆ ಸ್ಥಾನ ಬಂದದ್ದು 2024ರಲ್ಲಿ. ಆ ದಿನದ ಪೇಪರು ನಾನು ಎತ್ತಿಟ್ಟಿದ್ದೇನೆ, ಯಾರಿಗೆ ತೋರಿಸಲಿ ಎಂದು ತಿಳಿಯದೆ.

ಈಗ ಸ್ವಲ್ಪ ಕಟುವಾಗಿ ಬರೆಯಬೇಕು. ಕಾಕಾ ಪುಸ್ತಕ ಬರೆಯಲಿಲ್ಲ. ಜೊತೆಯವರು ಪುಸ್ತಕ ಬರೆದರು, ಗೈಡು ಬರೆದರು, ಪರದೇಶದ ಸಮ್ಮೇಳನಗಳಿಗೆ ಹೋಗಿ ಬಂದರು. ಈತ ಐದೋ ಆರೋ ಲೇಖನ ಬರೆದು, ಅದರಲ್ಲೂ ಎರಡು ಬೇರೆಯವರ ತಪ್ಪು ತಿದ್ದಿದ್ದು, ಪ್ರೊಫೆಸರ್‌ಗಿಂತ ಕೆಳಗಿನ ರೀಡರ್ ಹುದ್ದೆಯಲ್ಲೇ ನಿವೃತ್ತನಾದ. ಊರಿನವರು ಸತ್ಕಾರ ಇಟ್ಟುಕೊಂಡು ಆಮಂತ್ರಣದಲ್ಲಿ ‘ಪ್ರೊಫೆಸರ್’ ಎಂದು ಅಚ್ಚು ಹಾಕಿಸಿದಾಗ, ಆ ಶಬ್ದದ ಕೆಳಗೆ ಡೊಂಕುಗೆರೆ ಎಳೆದು ನನಗೊಂದು ಪ್ರತಿ ಕಳಿಸಿದ. ನಾವೆಲ್ಲ ನಕ್ಕೆವು. ಕಾಕು ನಗಲಿಲ್ಲ. ಖಾತ್ರಿಯಿಲ್ಲದ್ದನ್ನು ಹೇಳೆನು ಎಂಬ ಶಿಸ್ತಿನ ಹಿಂದೆ ಅಂಜಿಕೆಯೂ ಕೂತಿರಬಹುದು, ಎರಡಕ್ಕೂ ಹೊರಗಿನಿಂದ ಒಂದೇ ಮುಖ. ಸುಕಥಣಕರ್ ಗೆರೆ ಎಳೆದರು ನಿಜ, ಆದರೆ ಗೆರೆಯ ಮೇಲೆ ಒಂದು ಪಾಠವನ್ನೂ ಇಟ್ಟರು, ಅಚ್ಚಿಗೂ ಕಳಿಸಿದರು. ಕಾಕಾನ ಬಳಿ ಕೆಲವು ಸಲ ಬರೀ ಗೆರೆ ಉಳಿಯುತ್ತಿತ್ತು. ಇದನ್ನು ನಾನು ಆತನ ಎದುರೇ ಅಂದಿದ್ದೇನೆ. ಬಹಳ ಹೊತ್ತು ಸುಮ್ಮನಿದ್ದು, “ಹೌದ ನೋಡು” ಎಂದ. ಅಷ್ಟೇ.

2004ರ ಜನವರಿ 5ರಂದು ಒಂದು ಗುಂಪು ಭಾಂಡಾರಕರ ಮಂದಿರಕ್ಕೆ ನುಗ್ಗಿತು. ಪರದೇಶದ ವಿದ್ವಾಂಸರೊಬ್ಬರು ಶಿವಾಜಿ ಮಹಾರಾಜರ ಬಗ್ಗೆ ಬರೆದ ಪುಸ್ತಕವೊಂದರಲ್ಲಿ ಸಂಸ್ಥೆಗೆ ಕೃತಜ್ಞತೆ ಹೇಳಿದ್ದೇ ಕಾರಣ. ಕಪಾಟು ಉರುಳಿಸಿ, ಗಾಜು ಒಡೆದು, ಪುಸ್ತಕ, ಹಸ್ತಪ್ರತಿಗಳನ್ನು ನೆಲಕ್ಕೆ ಚೆಲ್ಲಿದರು. ಮರುದಿನದಿಂದ ಊರಿನ ಜನ ಕೈಜೋಡಿಸಲು ಬಂದರು. ಅರವತ್ತೈದರ ಕಾಕಾ ಮಫ್ಲರ್ ಸುತ್ತಿಕೊಂಡು ಹೊರಟ. ನಾನು ಸಂಜೆ ಕರೆತರಲು ಹೋದಾಗ ನೆಲದ ಮೇಲೆ ಕೂತಿದ್ದ. ಮುಂದೆ ಬಿಡಿಹಾಳೆಗಳ ರಾಶಿ. ಒಂದೊಂದನ್ನೇ ಎತ್ತಿ, ಮೊದಲ ಸಾಲು ಓದಿ, ಯಾವ ಗ್ರಂಥದ್ದೆಂದು ಗುರುತಿಸಿ, ಬಲಕ್ಕೋ ಎಡಕ್ಕೋ ಇಡುತ್ತಿದ್ದ. ಮೂರನೆಯದೊಂದು ರಾಶಿ ಎದುರಿಗಿತ್ತು. ಇದು ಯಾವುದು ಎಂದೆ. “ಇನ್ನೂ ಗೊತ್ತಾಗಿಲ್ಲ. ಅವಸರ ಮಾಡಬಾರದು, ತಪ್ಪು ಕಟ್ಟಿನ್ಯಾಗ ಸೇರಿದ್ರ ಇನ್ನ ನೂರು ವರ್ಷ ಸಿಗೂದಿಲ್ಲ.” ಸಿಟ್ಟಿನ ಒಂದು ಮಾತೂ ಆಡಲಿಲ್ಲ. ರಾತ್ರಿ ಉಣ್ಣಲಿಲ್ಲ, ಹೊತ್ತು ಮುಳುಗಿಹೋಗಿತ್ತು.

ನಮ್ಮ ಮನೆತನದಲ್ಲೂ ಒಂದು ಪಾಠಭೇದವಿದೆ. ಅಪ್ಪ ಕಾಕಾನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಅಪ್ಪ ಹೇಳುತ್ತಿದ್ದದ್ದು: “ನಾ ಮುಲ್ಕಿ ಪಾಸಾದೆ. ಮನ್ಯಾಗ ಇಬ್ಬರನ್ನ ಓದಸೂದು ಆಗತಿರಲಿಲ್ಲ. ತಮ್ಮ ಕಲೀಲಿ ಅಂತ ನಾ ಸಾಲಿ ಬಿಟ್ಟೆ.” ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಆಗ ದೊಡ್ಡ ಮಾತು, ಪಾಸಾದವನು ಮಾಸ್ತರನಾಗಬಹುದಿತ್ತು. ಅಜ್ಜಿಯ ಪ್ರಕಾರ ಅಪ್ಪ ಮುಲ್ಕಿ ನಪಾಸಾಗಿ, ಎರಡು ದಿನ ಕಬ್ಬಿನ ಗದ್ದೆಯಲ್ಲಿ ಅಡಗಿ ಕೂತಿದ್ದ. ಊರಿನ ಮಾಸ್ತರರು ಇನ್ನೊಂದು ಹೇಳುತ್ತಿದ್ದರು: ಪಾಸು ನಪಾಸಿನ ಪ್ರಶ್ನೆಯೇ ಇರಲಿಲ್ಲ, ಹಿರೇ ಮಗ ರಂಟೆ ಹಿಡಿಯಬೇಕೆಂದು ಅಜ್ಜ ಮೊದಲೇ ನಿಶ್ಚಯ ಮಾಡಿದ್ದ. ಮುಂದೆ 1979ರಲ್ಲಿ ಕಾಕಾ ತನ್ನ ಪಾಲಿನ ಹೊಲವನ್ನೆಲ್ಲ ಅಪ್ಪನ ಹೆಸರಿಗೆ ಬರೆದುಕೊಟ್ಟ. ಋಣ ತೀರಿಸಿದ ಎಂದು ಊರು ಮಾತಾಡಿಕೊಂಡಿತು. ಕಾಕಾ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಪಾಠ ಸಂಪಾದನೆಯ ಸೂತ್ರವೊಂದು ನಾನು ಕಾಕಾನಿಂದಲೇ ಕಲಿತದ್ದು. ಎರಡು ಪಾಠ ಎದುರಾದಾಗ ಕಠಿಣವಾದದ್ದೇ ಬಹುಶಃ ಹಳೆಯದು. ನಕಲು ಮಾಡುವವನು ಕಷ್ಟದ್ದನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭದ್ದನ್ನು ಕಷ್ಟ ಮಾಡುವುದಿಲ್ಲ. ಅಪ್ಪ ತೀರಿಕೊಂಡ ಮರುವರ್ಷ, ಜಾಣತನ ತೋರಿಸುವ ಹುಮ್ಮಸ್ಸಿನಲ್ಲಿ ಅದನ್ನು ಕಾಕಾನ ಮುಂದೆ ಇಟ್ಟೆ. ನಪಾಸಾದ ಕಥೆ ಮನೆತನಕ್ಕೆ ಕಠಿಣವಾದದ್ದು, ಯಾವ ತಾಯಿಯೂ ಮಗನ ಮೇಲೆ ಹುಟ್ಟಿಸಿ ಹೇಳುವಂಥದ್ದಲ್ಲ. ಹಾಗಾದರೆ ಅಜ್ಜಿಯ ಪಾಠವೇ ಮೂಲ.

ಕಾಕಾ ಪೇಪರು ಕೆಳಗಿಟ್ಟ. ಆತನಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಆ ಸೂತ್ರ ಮನಿ ಮಂದಿಗಲ್ಲ. ನನಗ ಆಗ ಒಂಬತ್ತು ವರ್ಷ. ಕಂಡದ್ದಷ್ಟು ಹೇಳತೀನಿ ಕೇಳು. ಅಪ್ಪ ಕಟ್ಟಿ ಮ್ಯಾಲ ಕುಂತಿದ್ದ. ನಿಮ್ಮಪ್ಪ ಒಳಗಿಂದ ಬಂದು ತನ್ನ ಸಾಲಿ ಪಾಟಿ ನನ್ನ ಕೈಯಾಗ ಕೊಟ್ಟು ದನ ಹೊಡಕೊಂಡು ಹೋದ. ಯಾಕ ಕೊಟ್ಟ ಅಂತ ಯಾರೂ ನನಗ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೂರು ಪ್ರತಿ ಅದಾವು, ಮೂಲ ಪ್ರತಿ ಕಳದೈತಿ.”

ದಿಗಂಬರರ ಮನೆಯಲ್ಲಿ ಹುಟ್ಟಿದವನ ಮಾತು ಅದು ಎಂದು ನನಗೆ ಆಮೇಲೆ ಹೊಳೆಯಿತು. ಮಹಾವೀರನ ಮಾತಿನ ಮೂಲ ಆಗಮಗಳು ನಷ್ಟವಾಗಿ ಹೋದವು ಎಂದು ನಂಬುವವರು ನಾವು. ಕಾಕಾ ಮೂವತ್ತೆರಡು ವರ್ಷ ಹೊಟ್ಟೆಗಾಗಿ ಕಲಿಸಿದ್ದು ಶ್ವೇತಾಂಬರರ ಆಗಮಗಳ ಭಾಷೆ. ಕ್ಲಾಸಿನಲ್ಲಿ ಕೂತ ಮಕ್ಕಳ ಮನೆಯಲ್ಲಿ ಆ ಗ್ರಂಥಗಳು ಉಳಿದು ಬಂದ ದೇವರ ಮಾತು, ಕಲಿಸುವವನ ಮನೆಯಲ್ಲಿ ಅಲ್ಲ. ಇದರಿಂದ ಒಂದು ದಿನವೂ ಜಗಳವಾಗಲಿಲ್ಲ ಎಂದು ಕಾಕು ಹೇಳುತ್ತಾಳೆ. ಎಂಬತ್ತರ ಮೇಲಾದರೂ ಆಕೆಯ ನೆನಪು ಚಲೋ ಇದೆ.

ಕಾಕಾ ಹೋದ ಮೇಲೆ ಆಕೆ ನನಗೆ ಕೊಟ್ಟದ್ದು ಆ ಡೈರಿ ಮತ್ತು ಒಂದು ಫೋಟೋ. ಜಾತ್ರೆಯಲ್ಲಿ ತೆಗೆಸಿದ್ದು. ಬಣ್ಣದ ಪರದೆಯ ಮುಂದೆ ಒಬ್ಬನೇ ಹುಡುಗ, ಕರಿ ಟೊಪ್ಪಿಗೆ, ದೊಡ್ಡವರ ಕೋಟು, ಕೈಯಲ್ಲೊಂದು ಪಾಟಿ. ಅಣ್ಣತಮ್ಮಂದಿರಿಬ್ಬರದೂ ಒಂದೇ ಮುಖ, ಕೋಟು ಒಬ್ಬರಿಂದ ಇನ್ನೊಬ್ಬರಿಗೆ ಇಳಿದು ಬಂದದ್ದು. ಅದು ತಾನೇ ಎಂದು ಅಪ್ಪ ಬದುಕಿರುವ ತನಕ ಹೇಳುತ್ತಿದ್ದ. ಹಿಂದೆ ಕಾಕಾನ ಅಕ್ಷರದಲ್ಲಿ ‘ಅಣ್ಣ’ ಎಂದಿದೆ. ಕೆಳಗೆ ಪೆನ್ಸಿಲ್ಲಿನ ಗೆರೆ.

ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಬಂದವರು ಯಾರು ಎಂದು ಕೇಳಿದರೆ ಅಪ್ಪ ಎಂದೇ ಹೇಳುತ್ತೇನೆ. ಗೆರೆ ಗೋಡೆಯ ಕಡೆ ಇದೆ.